ಕೆಳಗಿನ ಹೊಲದ ಹೆಸರು

ಮಲಾಕಿ ರುವೇನ್ ಹಾಲಿನ ಜಗ್ಗು ಕೆಳಗಿಟ್ಟು ಅತ್ತ ಹೋದದ್ದೇ ತಡ, ಡಿಂಪ್ನಾ ಹೆನಘನ್ ಕರವಸ್ತ್ರ ತೆಗೆದು ಅದರ ಹಿಡಿಕೆಯನ್ನು ಒರೆಸಿದಳು. ಕದ್ದುಮುಚ್ಚಿ ಅಲ್ಲ, ಎಲ್ಲರೂ ನೋಡಲಿ ಎಂದೇ. ಆರು ಬುಧವಾರಗಳಿಂದ ಹೀಗೇ ನಡೆದಿತ್ತು. ಊರ ಗ್ರಂಥಾಲಯದ ಮೇಲಂತಸ್ತಿನಲ್ಲಿ ವಂಶಾವಳಿ ಹುಡುಕುವುದನ್ನು ಪುಕ್ಕಟೆಯಾಗಿ ಕಲಿಸುತ್ತಾರೆಂಬ ಚೀಟಿ ನೋಡಿ ಅವಳು ಬಂದಿದ್ದಳು. ಅದೇ ಚೀಟಿ ರುವೇನ್‌ಗಳ ಕಣ್ಣಿಗೂ ಬೀಳುತ್ತದೆಂದು ಅವಳೇನು ಕನಸು ಕಂಡಿದ್ದಳೆ?

"ಸಕ್ಕರೆ ಹಾಕ್ಲಾ, ಡಿಂಪ್ನಾ?" ತರಗತಿ ನಡೆಸುವ ಗ್ರಂಥಪಾಲಕಿ ಸೊರ್ಚಾ ಕೇಳಿದಳು.

"ಬೇಡ ಕಣಮ್ಮ. ಜಗ್ಗು ಚೊಕ್ಕಟವಾಗಿದ್ರೆ ಸಾಕು ನಂಗೆ."

ಮಲಾಕಿಗೆ ಕೇಳಿಸಿತು. ಅವನು ಬಿಸ್ಕತ್ತನ್ನು ಎರಡಾಗಿ ಮುರಿದು ಒಂದು ತುಂಡನ್ನು ಚಹಾದಲ್ಲಿ ಅದ್ದಿದ.

ಅವರ ಹಳ್ಳಿ ಡ್ರಮ್ಮೀನದಲ್ಲಿ ಹೆನಘನ್‌ಗಳಿಗೂ ರುವೇನ್‌ಗಳಿಗೂ ನಡುವೆ ಇರುವುದು ಒಂದೇ ಕಲ್ಲಿನ ಗೋಡೆ. ಆದರೆ ನಾಲ್ಕು ತಲೆಮಾರಿನಿಂದ ಮಾತಿಲ್ಲ. ಮುತ್ತಜ್ಜನ ಕಾಲದಲ್ಲಿ ಜಮೀನ್ದಾರನ ಆಳುಗಳು ಬಂದು ಹೆನಘನ್‌ಗಳ ಸೂರು ಕಿತ್ತು ಬೀದಿಗೆ ತಳ್ಳಿದರು, ಮಾರನೆಯ ವಾರವೇ ನೆರೆಯ ರುವೇನ್ ಅವರ ಕೆಳಗಿನ ಹೊಲಕ್ಕೆ ಒಕ್ಕಲಾದ ಎಂದು ಅಮ್ಮ ಹೇಳುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಸರ್ಕಾರ ಅದನ್ನು ಮರಳಿಸಿತಂತೆ. ಒಕ್ಕಲೆಬ್ಬಿಸಿಕೊಂಡವನ ಹೊಲಕ್ಕೆ ಕೈಹಾಕಿದವನನ್ನು ಆ ಸೀಮೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಚರ್ಚಿನಲ್ಲಿ ಅವನ ಪಕ್ಕ ಕೂರುವವರಿಲ್ಲ, ಅವನ ಕುದುರೆಗೆ ಲಾಳ ಹೊಡೆಯುವವರಿಲ್ಲ. ಆ ಕಳಂಕ ಮೊಮ್ಮಕ್ಕಳಿಗೂ ಅಂಟುತ್ತದೆ. ಆ ಹೊಲದಲ್ಲಿ ಸೂರಿಲ್ಲದ ನಾಲ್ಕು ಗೋಡೆ, ಒಂದು ಒಲೆ ಈಗಲೂ ನಿಂತಿವೆ. ನಮ್ಮ ಹಳೇ ಮನೆ ಎಂದು ಅಮ್ಮ ಬೆರಳು ತೋರಿಸುತ್ತಿದ್ದಳು. ಅಜ್ಜ ಅದರೊಳಗೆ ಹಂದಿ ಸಾಕಿದ್ದ.

ಇಪ್ಪತ್ತೈದರ ಪ್ರಾಯದಲ್ಲಿ ಡಿಂಪ್ನಾಗೆ ಮಲಾಕಿಯ ಜೊತೆ ಮದುವೆ ಗೊತ್ತಾಗಿತ್ತು. ಎರಡು ವರ್ಷ ಯಾರಿಗೂ ತಿಳಿಯದಂತೆ ಓಡಾಡಿದ ಮೇಲೆ ಅವನು ಉಂಗುರ ತಂದಿದ್ದ. ಸುದ್ದಿ ಕೇಳಿ ಅಮ್ಮ ಹಾಸಿಗೆ ಹಿಡಿದಳು. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಊರೆಲ್ಲ ನೋಡುತ್ತಿರುವಾಗ, ಡಿಂಪ್ನಾ ಉಂಗುರ ವಾಪಸು ಕೊಟ್ಟು, "ನಿಮ್ದು ಕಳ್ಳರ ರಕ್ತ" ಎಂದಳು. ಅವನು ತುಟಿ ಬಿಚ್ಚಲಿಲ್ಲ. ಆಮೇಲೆ ಬೇರೆಯವಳನ್ನು ಮದುವೆಯಾದ, ಅವಳನ್ನು ಮಣ್ಣೂ ಮಾಡಿದ. ಡಿಂಪ್ನಾ ಅಮ್ಮನನ್ನು ನೋಡಿಕೊಂಡು ಉಳಿದಳು.

ಇವತ್ತು ಕೊನೆಯ ತರಗತಿ. ಪ್ರತಿಯೊಬ್ಬರೂ ತಮ್ಮ ಮನೆತನದ ಕಥೆಯನ್ನು ಒಂದು ಪುಟದಲ್ಲಿ ಬರೆದು ಓದಬೇಕು, ಜೊತೆಗೆ ದಾಖಲೆ ಲಗತ್ತಿಸಬೇಕು. ಅವನ್ನೆಲ್ಲ ರಟ್ಟು ಹಾಕಿಸಿ ಕಪಾಟಿನಲ್ಲಿ ಇಡುತ್ತಾರೆ. ಡಿಂಪ್ನಾಳ ಪುಟದಲ್ಲಿ ರುವೇನ್ ಹೆಸರು ಐದು ಸಲ ಬಂದಿತ್ತು. ತನ್ನ ಹಿಂದೆ ಹೆನಘನ್ ಎನ್ನುವವರು ಯಾರೂ ಇಲ್ಲ. ಆಗಿದ್ದ ಅನ್ಯಾಯ ತಾನು ಸತ್ತ ಮೇಲೂ ಕಪಾಟಿನಲ್ಲಿ ಇರಬೇಕು, ಅಷ್ಟೇ ಅವಳ ಆಸೆ. ದಾಖಲೆಯೊಂದು ಬಾಕಿಯಿತ್ತು.

"ಡಬ್ಲಿನ್‌ನಿಂದ ಬಂತು," ಎಂದು ಸೊರ್ಚಾ ಹಳೆಯ ಕಂದಾಯದ ಪುಸ್ತಕದ ಬಣ್ಣದ ಪ್ರತಿಯನ್ನು ಮೇಜಿನ ಮೇಲೆ ಹರಡಿದಳು. "ಒಕ್ಕಲು ಬದಲಾದ್ರೆ ಗುಮಾಸ್ತ ಹಳೇ ಹೆಸರು ಹೊಡೆದು ಹೊಸದನ್ನ ಮೇಲೆ ಬರೀತಿದ್ದ. ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣದ ಶಾಯಿ."

ಡಿಂಪ್ನಾ ಕನ್ನಡಕ ಏರಿಸಿಕೊಂಡಳು. ಡ್ರಮ್ಮೀನ, ಹದಿನಾಲ್ಕನೆಯ ತುಂಡು, ಮನೆ ಮತ್ತು ಹೊಲ: ಅದೇ ಕೆಳಗಿನ ಹೊಲ. ಕಪ್ಪು ಶಾಯಿಯಲ್ಲಿ ಪ್ಯಾಟ್ರಿಕ್ ರುವೇನ್. ಅದರ ಮೇಲೆ ಹಸಿರು ಗೆರೆ. ಗೆರೆಯ ಮೇಲೆ, ಅದೇ ಹಸಿರಿನಲ್ಲಿ, ಥಾಮಸ್ ಹೆನಘನ್. ಮನೆ ಎಂಬ ಮಾತನ್ನೂ ಹೊಡೆದು 'ಪಾಳು' ಎಂದು ಬರೆದಿತ್ತು.

"ಅದಲುಬದಲಾಗಿ ಬರ್ದಿದಾನೆ."

"ಅವನು ಹೊಲಕ್ಕೇ ಬಂದು ನೋಡಿ ಬರೀತಿದ್ದ, ಡಿಂಪ್ನಾ. ಮುಂದಿನ ವರ್ಷಗಳೂ ಇವೆ, ನೋಡಿ. ಹೆಸರು ಮತ್ತೆ ಬದಲಾಗಿಲ್ಲ."

ಸರ್ಕಾರ ಮರಳಿಸುವುದಕ್ಕೆ ಏನೂ ಇರಲಿಲ್ಲ; ಬೀದಿಗೆ ಬಿದ್ದವರು ರುವೇನ್‌ಗಳು, ಹೊಲ ಹಿಡಿದವರು ಹೆನಘನ್‌ಗಳು. ಡಿಂಪ್ನಾಳ ಮೂಗಿಗೆ ಹಂದಿಯ ಕಲಗಚ್ಚಿನ ವಾಸನೆ ಬಂತು. ಎಂಟು ವರ್ಷದವಳಿದ್ದಾಗ ದಿನಾ ಸಂಜೆ ಬಕೆಟ್ ಹೊತ್ತು ಆ ಒಲೆಯ ಮುಂದೆ ಸುರಿದು ಬರುತ್ತಿದ್ದಳು. ತಾವು ಹುಟ್ಟಿದ ಮನೆಯಲ್ಲಿ ಯಾರಾದರೂ ಹಂದಿ ಕಟ್ಟುತ್ತಾರೆಯೆ? ಇಷ್ಟು ವರ್ಷ ತನಗೆ ಅದು ಹೊಳೆಯಲೇ ಇಲ್ಲವಲ್ಲ. ಅಮ್ಮನಿಗೆ ಗೊತ್ತಿತ್ತು. ಖಂಡಿತ ಗೊತ್ತಿತ್ತು. ಜಪಮಾಲೆ ಹಿಡಿದ ಆ ಕೈಯನ್ನು ಹತ್ತೊಂಬತ್ತು ವರ್ಷ ತೊಳೆದು ಒರೆಸಿದ್ದು ನೆನೆದು ಡಿಂಪ್ನಾಗೆ ಅಸಹ್ಯವಾಯಿತು.

ಅವಳು ಮಲಾಕಿ ಕೂತಿದ್ದ ಕಿಟಕಿಯ ಬಳಿ ಹೋದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಮಲಾಕಿ. "ನಮ್ಮಜ್ಜ ಹುಟ್ಟಿದ್ದು ಆ ಒಲೆ ಮುಂದೆ."

"ಮೆಟ್ಟಿಲ ಮೇಲೆ ಯಾಕೆ ಬಾಯಿ ಬಿಡ್ಲಿಲ್ಲ? ಒಂದು ಮಾತು ಹೇಳಿದ್ರೆ ಸಾಕಾಗ್ತಿತ್ತು."

"ಹೆನಘನ್‌ಗಳ ಜೊತೆ ಮಾತಾಡಬೇಡ ಅಂತ ನಮ್ಮಪ್ಪ ಹೇಳಿದ್ದ. ಅವನ ಮಾತು ಮೀರಿ ಎರಡು ವರ್ಷ ನಿನ್ನ ಹತ್ರ ಮಾತಾಡಿದೆ. ಅವತ್ತು ನೀನು ಹಾಗಂದ ಮೇಲೆ, ಅಪ್ಪ ಹೇಳಿದ್ದೇ ಸರಿ ಅನ್ನಿಸ್ತು."

"ಆರು ವಾರ ಸುಮ್ನೆ ಕೂತು ನೋಡ್ತಿದ್ದೆಯಲ್ಲೋ. ನಿನ್ನ ಮುಖ ನೋಡೋಕೆ ಹೇಸಿಗೆಯಾಗತ್ತೆ ನಂಗೆ."

"ನಂಗೂ ಹಾಗೇ," ಎಂದ ಅವನು, ದನಿ ಏರಿಸದೆ.

ಸೊರ್ಚಾ ಹೆಸರು ಕರೆದಳು. ಪುಟವನ್ನು ಮಡಚಿ ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದು ಹೋಗಬಹುದಿತ್ತು, ತಡೆಯುವವರಿರಲಿಲ್ಲ. ಡಿಂಪ್ನಾ ನಿಂತಲ್ಲೇ ಪೆನ್ನು ತೆಗೆದು ರುವೇನ್ ಎಂದಿದ್ದ ಐದು ಕಡೆ ಗೆರೆ ಎಳೆದು, ಐದು ಕಡೆ ಮೇಲೆ ಹೆನಘನ್ ಎಂದು ಬರೆದಳು. ಆಮೇಲೆ ಓದಿದಳು. ಹೆನಘನ್ ಎಂಬಲ್ಲಿ ಪ್ರತಿ ಸಲವೂ ನಾಲಿಗೆ ತಡವರಿಸಿತು. ಕೊನೆಗೆ, ಬರೆಯದಿದ್ದ ಒಂದು ಸಾಲನ್ನೂ ಸೇರಿಸಿದಳು: "ರುವೇನ್‌ಗಳದ್ದು ಕಳ್ಳರ ರಕ್ತ ಅಂತ ಚರ್ಚಿನ ಮೆಟ್ಟಿಲ ಮೇಲೆ ಅಂದವಳು ನಾನೇ."

ಸೊರ್ಚಾ ಪುಟವನ್ನು ಇಸಿದುಕೊಂಡು ಕಡತಕ್ಕೆ ಹಾಕಿದಳು. ಕುರ್ಚಿಗಳು ಸರಿದವು, ಮತ್ತೊಂದು ಸುತ್ತು ಚಹಾ ಬಂತು.

ಡಿಂಪ್ನಾ ಜಗ್ಗನ್ನು ಬರಿಗೈಯಲ್ಲೇ ಹಿಡಿದು ತನ್ನ ಬಟ್ಟಲಿಗೆ ಹಾಲು ಬಗ್ಗಿಸಿಕೊಂಡು, ಹಿಡಿಕೆಯನ್ನು ಮಲಾಕಿಯ ಕಡೆ ತಿರುಗಿಸಿ ಇಟ್ಟಳು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದ. ನಾಲ್ಕು ಮಡಿಕೆಯ ಇಸ್ತ್ರಿ ಹಾಗೇ ಇತ್ತು, ಆರು ವಾರದಿಂದ ಬಿಚ್ಚದಂತೆ. ಅದನ್ನು ಬಿಚ್ಚಿ, ಹಿಡಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಒರೆಸಿದ. ಡಿಂಪ್ನಾ ಬಟ್ಟಲು ಹಿಡಿದು, ಅವನು ಒರೆಸಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.