ಸದ್ದಿಲ್ಲದ ಗಿರಣಿ

ಆ ಬೆಳಿಗ್ಗೆ ಗಿರಣಿಯವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತಾರು ದಾಟಿದ ಗಂಡಸು, ಮೀಸೆಯ ಬಿಳುಪು ಹಿಟ್ಟಿನದೋ ನರೆಯದೋ ಎಂದು ಹೆಂಡತಿಗೂ ಹೇಳಲು ಬರುತ್ತಿರಲಿಲ್ಲ. ಅಂಥವನು ಹೊತ್ತು ಮೂಡುವ ಮೊದಲೇ ಮೂರು ಸಲ ಏಣಿ ಹತ್ತಿ, ಸೂರಿನ ಮೇಲಿನ ನೀಲಿ ಸೋಲಾರ್ ಹಲಗೆಗಳನ್ನು ಪಂಚೆಯ ತುದಿಯಿಂದ ಒರೆಸಿ ಬಂದಿದ್ದ.

ಊರಿಗೆ ಕರೆಂಟಿನ ತಂತಿ ಬಂದೇ ಇರಲಿಲ್ಲ. ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಅವನ ಅಪ್ಪನ ಕಾಲದಿಂದ ಕೇಳಿ ಕೇಳಿ ಜನರ ಕಿವಿ ತೂತು ಬಿದ್ದಿತ್ತು. ಕಡೆಗೆ ಒಂದು ಸೋಲಾರ್ ಕಂಪನಿ ಬಂತು. ಬಂಡವಾಳದ ಮೂರರಲ್ಲಿ ಎರಡು ಪಾಲು ನಮ್ಮದು, ಒಂದು ಪಾಲು ಊರಿನದು, ಲಾಭ ಬಂದರೆ ಹಾಗೆಯೇ ಹಂಚಿಕೊಳ್ಳೋಣ ಎಂದಿತು. ಗಿರಣಿಯವನು ಇಪ್ಪತ್ತೆಂಟು ವರ್ಷ ಸಾಕಿದ ಡೀಸೆಲ್ ಇಂಜಿನನ್ನು ಕಲ್ಲುಕ್ವಾರಿಯವನಿಗೆ ಮಾರಿ ಷೇರು ಕೊಂಡ. ಹಳ್ಳದಾಚೆ ಇದ್ದ ಅವನ ಅಕ್ಕ ಎರಡು ಕರು ಮಾರಿ ಷೇರು ಕೊಂಡಳು.

ಆದರೆ ಅಕ್ಕನ ಮನೆಗೆ ದೀಪ ಬಂದಿರಲಿಲ್ಲ. ಮೊದಲ ಸಾಲಿನ ಹಲಗೆಗಳ ಕರೆಂಟು ದೊಡ್ಡ ಬೀದಿಗೂ ಗಿರಣಿಗೂ ಸಾಕಾಗುವಷ್ಟೇ ಇತ್ತು. ಹಳ್ಳದಾಚೆಯ ಹನ್ನೊಂದು ಮನೆಗೆ ಎರಡನೇ ಸಾಲು ಬೇಕು. ಅದು ಬರುವುದು ಬಿಡುವುದು ಗಿರಣಿಯ ಮೇಲೆ ನಿಂತಿತ್ತು. ಕಂಪನಿಯ ಇಂಜಿನಿಯರಮ್ಮ, ಊರವರ ಬಾಯಲ್ಲಿ ಮೀಟರಮ್ಮ, ಅದನ್ನು ಬಿಡಿಸಿ ಹೇಳಿದ್ದಳು. ಸಂಜೆಯ ದೀಪಕ್ಕೆ ಬೇಕಾದದ್ದು ಚಮಚದಷ್ಟು ಕರೆಂಟು. ಮಟಮಟ ಮಧ್ಯಾಹ್ನ ಬ್ಯಾಟರಿ ತುಂಬಿದ ಮೇಲೆ ಮಿಕ್ಕದ್ದೆಲ್ಲ ಉಕ್ಕಿದ ಹಾಲಿನ ಹಾಗೆ ದಂಡ. ಅದನ್ನು ಗಿರಣಿ ಕುಡಿದರೆ ವರಮಾನ ಬರುತ್ತದೆ, ಎರಡನೇ ಸಾಲಿಗೆ ಕಂಪನಿ ಧೈರ್ಯ ಮಾಡುತ್ತದೆ. ಹತ್ತು ದಿನ ನೋಡುತ್ತೇವೆ, ಇಲ್ಲವಾದರೆ ಆ ಹಲಗೆಗಳು ಪಟ್ಟಿಯಲ್ಲಿರುವ ಮುಂದಿನ ಊರಿಗೆ.

ಮಧ್ಯಾಹ್ನದ ಚಿಂತೆ ನನಗೆ ಬಿಡಿ ಎಂದು ಗಿರಣಿಯವನು ಎದೆ ತಟ್ಟಿಕೊಂಡಿದ್ದ. ಅಕ್ಕ ಮಾತ್ರ ಸಿಕ್ಕಿದಾಗಲೆಲ್ಲ ಚುಚ್ಚುತ್ತಿದ್ದಳು: "ನನ್ನ ಎರಡು ಕರು ನಿನ್ನ ಹಜಾರದಲ್ಲಿ ಉರೀತಾ ಇವೆ ಕಣೋ. ಆ ಬೆಳಕಲ್ಲಿ ಚೆನ್ನಾಗಿ ಓದ್ಕೋ ಪೇಪರು."

ಆ ಬೆಳಿಗ್ಗೆ ಅವನು ಹೊಸ ಮೋಟರಿನ ಸ್ವಿಚ್ಚು ಒತ್ತಿದ. ಕುಂಬಳದ ಹೂವಿನೊಳಗೆ ದುಂಬಿ ಹೊಕ್ಕಂತೆ ಗುಂಯ್ ಎಂದಿತು, ಅಷ್ಟೇ. ಹೆಂಡತಿ ಬುಟ್ಟಿಯ ಜೋಳ ಸುರಿದು, ಶುರುವಾಯ್ತಾ ಎಂದು ಕೇಳಿದಳು. ಅವನು ಕೆಳಗಿನ ಡಬ್ಬದತ್ತ ಬೆರಳು ತೋರಿಸಿದ. ಹಿಟ್ಟು ಬೀಳುತ್ತಿತ್ತು, ಬೆಚ್ಚಗೆ, ಡೀಸೆಲಿನ ವಾಸನೆ ಇಲ್ಲದೆ. ಇಬ್ಬರೂ ಹೊಸದಾಗಿ ಮದುವೆಯಾದವರಂತೆ ಕಾರಣವಿಲ್ಲದೆ ನಕ್ಕರು.

ಆಮೇಲೆ ಬಾಗಿಲಲ್ಲಿ ಕೂತು ಕಾದರು. ಯಾರೂ ಬರಲಿಲ್ಲ.

ಎರಡನೇ ದಿನವೂ ಬರಲಿಲ್ಲ. ಮೂರನೇ ದಿನ ಅವನು ಮೆಟ್ಟಿಲು ತೊಳೆದ. ನಾಲ್ಕನೇ ದಿನ, ಊರಿಗೆಲ್ಲ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿ ಊಟ ಬಿಟ್ಟ. ಹೆಂಡತಿ ಎರಡು ಸಲ ಕರೆದ ಮೇಲೆ ಎದ್ದು ಉಂಡ. ಐದನೇ ದಿನ ತಡೆಯಲಾರದೆ ಹಳ್ಳ ದಾಟಿ ಅಕ್ಕನ ಮನೆಗೆ ಹೋದ.

ಅಕ್ಕ ಕಾಲು ಚಾಚಿ ಕೂತು ಬೀಸುವ ಕಲ್ಲು ತಿರುಗಿಸುತ್ತಿದ್ದಳು. ಮುಖದಲ್ಲಿ ಬೆವರು ಧಾರಾಕಾರ. ತಮ್ಮನನ್ನು ಕಂಡದ್ದೇ ಕಲ್ಲಿನ ಗೂಟ ಬಿಟ್ಟು, ಗಿರಣಿ ಯಾವತ್ತು ಶುರು ಮಾಡುತ್ತೀಯೋ ಮಹಾರಾಯ, ರಟ್ಟೆ ಬಿದ್ದುಹೋಯಿತು ಎಂದು ಹರಿಹಾಯ್ದಳು. ಐದು ದಿನದಿಂದ ಓಡುತ್ತಿದೆ ಎಂದು ಅವನೂ ಅಷ್ಟೇ ಜೋರಾಗಿ ಹೇಳಿದ.

"ಓಡ್ತಾ ಇದ್ರೆ ಕೇಳಿಸ್ತಿರಲಿಲ್ವಾ? ಮೂಲೇಲಿ ಚೀಲ ಕಟ್ಟಿಟ್ಟು ಐದು ದಿನದಿಂದ ಕಿವಿ ನೆಟ್ಟಿದ್ದೀನಿ. ಒಂದು ಡುಬ್ ಅಂದಿದ್ರೆ ಹೇಳು."

ಗಿರಣಿಯವನು ಅಲ್ಲೇ ಜಗಲಿಯ ಮೇಲೆ ಕೂತ. ಇಪ್ಪತ್ತೆಂಟು ವರ್ಷದಲ್ಲಿ ಗಿರಣಿ ತೆರೆದಿದೆಯೋ ಇಲ್ಲವೋ ಎಂದು ಬಂದು ನೋಡಿದವರು ಒಬ್ಬರಿಲ್ಲ. ಇಂಜಿನ್ ಕೆಮ್ಮಿದಾಗ ಹೆಂಗಸರು ಕಾಳು ಕೇರುತ್ತಿದ್ದರು, ಡುಬುಕು ಡುಬುಕು ಹದಕ್ಕೆ ಬರುವ ಹೊತ್ತಿಗೆ ಚೀಲ ತಲೆಯ ಮೇಲಿರುತ್ತಿತ್ತು. ಹೊಲದ ನಡುವಿನ ಒಂಟಿ ಮನೆಗಳಿಗೂ ಅದೇ ಗಡಿಯಾರ. ಅದನ್ನು ಅವನೇ ಕ್ವಾರಿಯವನ ಲಾರಿಗೆ ಏರಿಸಿ, ಕೈಬೀಸಿ ಕಳಿಸಿದ್ದ.

ಆರನೇ ದಿನ ಮನೆಮನೆಗೆ ಹೋಗಿ ಹೇಳಿದ. ಎಲ್ಲರೂ ತಲೆಯಾಡಿಸಿದರು, ನೀರು ಕೊಟ್ಟರು, ಶುರುವಾದ ಮೇಲೆ ಖಂಡಿತ ಬರುತ್ತೇವೆ ಎಂದು ಸಮಾಧಾನ ಮಾಡಿ ಕಳಿಸಿದರು. ಬಡಗಿಯ ತಾಯಿಯಂತೂ ಅವನ ಹಣೆ ಮುಟ್ಟಿ ಜ್ವರ ನೋಡಿದಳು.

ಸಂಜೆ ಹೆಂಡತಿ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. "ನೀವೇ ಕೂಗ್ರಿ ಹಾಗಾದ್ರೆ. ನಿದ್ದೇಲಿ ಮಾಡೋದು ಅದೇ ಸದ್ದು ತಾನೇ? ಇಷ್ಟು ವರ್ಷ ಇಂಜಿನ್ ಪಕ್ಕದಲ್ಲೇ ಮಲಗಿದ್ದೀನಿ ನಾನು."

ಅವಳು ಹೇಳಿದ್ದು ತಮಾಷೆಗೆ. ಏಳನೇ ದಿನ ಬೆಳಿಗ್ಗೆ ಗಿರಣಿಯವನು ಖಾಲಿ ಡೀಸೆಲ್ ಡ್ರಮ್ಮನ್ನು ಹಗ್ಗ ಕಟ್ಟಿ ಸೂರಿಗೆ ಎಳೆದುಕೊಂಡ. ಅಡ್ಡ ಮಲಗಿಸಿ, ತೆರೆದ ಬಾಯಿಯಿಂದ ಸೊಂಟದವರೆಗೂ ಒಳಗೆ ತೂರಿಕೊಂಡ. ಮೊದಲು ಮೂರು ಕೆಮ್ಮು. ನಂತರ ಹಿಡಿದೂ ಹಿಡಿಯದಂಥ ಒಂದು ತೊದಲು. ಆಮೇಲೆ ಎದೆಯ ಆಳದಿಂದ ಡುಬುಕು, ಡುಬುಕು, ಡುಬುಕು. ಡ್ರಮ್ಮು ಅದನ್ನು ಹತ್ತು ಪಟ್ಟು ಮಾಡಿ ಹೊಲಗಳ ಮೇಲೆ ಹರಡಿತು.

ಅವನಿಗೆ ಉಸಿರು ಕಟ್ಟುವ ಮೊದಲೇ ಮೊದಲ ಚೀಲ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಬೀದಿಗೆ ಬೀದಿಯೇ. ಹಳೇ ಇಂಜಿನ್ ವಾಪಸು ತಂದಿರಾ ಎಂದು ಕೇಳಿದವರಿಗೆಲ್ಲ ಹೆಂಡತಿ ಹಿಟ್ಟಿನ ಬೆರಳನ್ನು ಸೂರಿನತ್ತ ತೋರಿಸಿದಳು. ಡ್ರಮ್ಮಿನಿಂದ ಹೊರಚಾಚಿದ ಎರಡು ಕಾಲು ಕಂಡು ಜನ ಚೀಲ ಇಳಿಸಿ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ, ಬೀಸಿಸಲು ಏನೂ ಇಲ್ಲದವರೂ ಎರಡು ಹಿಡಿ ಕಾಳು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ಮರುದಿನದಿಂದ ಸಾಲಿನಲ್ಲಿ ನಿಂತವರು ತಿದ್ದತೊಡಗಿದರು. ಹಳೇ ಇಂಜಿನ್ ಐದು ಏಟಿಗೊಮ್ಮೆ ಮುಗ್ಗರಿಸುತ್ತಿತ್ತು, ಇದು ಮುಗ್ಗರಿಸುತ್ತಿಲ್ಲ ಎಂದು ಕ್ಷೌರಿಕ ಆಕ್ಷೇಪಿಸಿದ. ಗಿರಣಿಯವನು ತಲೆ ಹೊರತೆಗೆದು ಒಪ್ಪಿಕೊಂಡು, ಮುಗ್ಗರಿಕೆಯನ್ನೂ ಸೇರಿಸಿದ. ಕೆಳಗೆ ಕಲ್ಲು ಬಿಡುವಿಲ್ಲದೆ ತಿರುಗುತ್ತಿತ್ತು, ಆದರೆ ಅದರ ಕಡೆ ಯಾರಿಗೂ ಗಮನವಿರಲಿಲ್ಲ.

ಹತ್ತನೇ ದಿನ ಮೀಟರಮ್ಮನ ಸ್ಕೂಟರು ಬಂತು. ಊರ ತಿರುವಿನಲ್ಲೇ ಅವಳ ಕಿವಿಗೆ ಇಂಜಿನ್ ಬಿತ್ತು. ಡೀಸೆಲ್ ಓಡಿಸುವಂತಿಲ್ಲ ಎಂದು ಒಪ್ಪಂದದಲ್ಲಿ ಅವಳೇ ಬರೆಸಿದ್ದಳು. ಹೆಲ್ಮೆಟ್ಟು ತೆಗೆಯದೆ ಗಿರಣಿಗೆ ನುಗ್ಗಿ, ಎಲ್ಲಿಟ್ಟಿದ್ದೀರಿ ಅದನ್ನು ಎಂದು ಗದರಿದಳು. ಹೆಂಡತಿ ಮೇಲೆ ತೋರಿಸಿದಳು. ಮೀಟರಮ್ಮ ದಡದಡ ಏಣಿ ಹತ್ತಿದಳು, ಹತ್ತಿ ನಿಂತಳು, ಆಮೇಲೆ ಮೆಲ್ಲಗೆ ಡ್ರಮ್ಮು ತಟ್ಟಿದಳು.

ಗಿರಣಿಯವನು ತಲೆ ಹೊರಗೆಳೆದ. ಎದುರಿಗೆ ಯಾರೆಂದು ಕಂಡಿತು. ಆದರೂ ಓಡುವ ಇಂಜಿನನ್ನು ಅವನು ಜೀವಮಾನದಲ್ಲಿ ಗಕ್ಕನೆ ನಿಲ್ಲಿಸಿದವನಲ್ಲ. ಅವಳ ಮುಖ ನೋಡುತ್ತಲೇ ಡುಬುಕ್... ಡುಬುಕ್... ಡುಬ್ ಎಂದು ವೇಗ ಇಳಿಸಿ, ಕಡೆಗೆ ಉಸ್ಸೆಂದು ಹೊಗೆ ಬಿಟ್ಟು, "ಬನ್ನಿ ಮೇಡಂ" ಎಂದ.

ಮೀಟರಮ್ಮ ಹೆಲ್ಮೆಟ್ಟಿನೊಳಗೇ ನಗಲು ಶುರುಮಾಡಿ, ಗಾಜೆಲ್ಲ ಮಂಜಾಗಿ, ತೆಗೆದು ಕಣ್ಣೊರೆಸಿಕೊಂಡಳು. ಆದರೆ ಹಲಗೆಗಳ ಪಕ್ಕದ ಮೀಟರ್ ಪೆಟ್ಟಿಗೆ ತೆರೆದು ಲೆಕ್ಕದ ಗೆರೆ ನೋಡುತ್ತಿದ್ದಂತೆ ನಗು ಇಳಿಯಿತು. ಆರು ದಿನ ಚಪ್ಪಟೆಯಾಗಿ ಮಲಗಿದ್ದ ಗೆರೆ ಏಳನೇ ದಿನದಿಂದ ಗುಡ್ಡವಾಗಿ ಎದ್ದಿತ್ತು. ಹತ್ತು ದಿನಕ್ಕೂ ಹಂಚಿದರೆ ಬೇಕಾದಷ್ಟು ಆಗುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಎಂದಳು. ಗಿರಣಿಯವನ ಗಂಟಲು ಒಣಗಿತು. ನಾಲ್ಕು ದಿನ ಕೂಗಿದಾಗಲೂ ಅಷ್ಟು ಒಣಗಿರಲಿಲ್ಲ.

ಕೆಳಗೆ ಸಾಲಿನಲ್ಲಿದ್ದ ಅಕ್ಕ ಚೀಲ ಇಳಿಸಿ ತಲೆಯೆತ್ತಿದಳು.

"ಮೇಡಮ್ಮ, ಗಿರಣಿ ಶುರುವಾದ ದಿನದಿಂದ ತಾನೇ ಲೆಕ್ಕ? ಊರಿಗೆ ಶುರುವಾಗಿದ್ದು ಏಳನೇ ದಿನ. ಅದಕ್ಕೆ ಮುಂಚೆ ಓಡಿದ್ದು ಈ ಗಂಡಹೆಂಡತಿಗೆ ಬಿಟ್ಟು ಇನ್ಯಾರಿಗೆ ಗೊತ್ತಿತ್ತು?"

ಮೀಟರಮ್ಮ ಫೋನ್ ಹೊರತೆಗೆದಳು. ಊರಲ್ಲಿ ಸಿಗ್ನಲ್ ಸಿಗುವುದು ಎತ್ತರದಲ್ಲಿ ಮಾತ್ರ. ಹಲಗೆಗಳ ಪಕ್ಕ ನಿಂತು ಆಫೀಸಿಗೆ ಫೋನ್ ಮಾಡಿದಳು. "ಇಂಜಿನ್ ಅಲ್ಲ ಸರ್, ಬಾಯಿ. ಹೌದು ಸರ್, ಮನುಷ್ಯನ ಬಾಯಿ." ಫೋನಿನಿಂದ ಹೊರಟ ನಗು ಮೆಟ್ಟಿಲ ಮೇಲಿದ್ದವರಿಗೂ ಕೇಳಿಸಿತು. ನಾಲ್ಕು ದಿನದ ಲೆಕ್ಕ ಹಿಡಿದರೆ ಬೇಕಾದದ್ದರ ಎರಡು ಪಟ್ಟಿಗೂ ಮೇಲೆ. ಏಳನೇ ದಿನದಿಂದಲೇ ಹಿಡಿಯಿರಿ ಎಂದಿತು ಆಫೀಸು. ಸೋಮವಾರ ಹಲಗೆಗಳು ಬರುತ್ತವೆ, ಕಂಬಗಳೂ ಬರುತ್ತವೆ ಎಂದು ಅವಳು ಕೂಗಿ ಹೇಳಿದಳು.

ಕಂಬ ಎಂಬ ಮಾತೂ ಅದನ್ನು ಹೊತ್ತ ಅಕ್ಕನೂ ಹಳ್ಳ ದಾಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೀಟರಮ್ಮ ಊಟ ಮಾಡಿ, ಚಹಾ ಕುಡಿದು, ಸುಣ್ಣದ ಪುಡಿ ಹಿಡಿದು, ಕಂಬದ ಜಾಗ ಗುರುತಿಸಲು ಗಿರಣಿಯವನ ಜೊತೆ ಆಚೆ ದಡಕ್ಕೆ ಹೋಗುವಷ್ಟರಲ್ಲಿ ಹನ್ನೊಂದು ಮನೆಯ ಮುಂದೆ ಹನ್ನೊಂದು ಗುಂಡಿ ಬಿದ್ದಿದ್ದವು. ಕಂಬ ಬೇಕಾದದ್ದು ಐದೇ. ಉಳಿದ ಆರನ್ನು ಮುಚ್ಚಬೇಕು ಎಂದಳು. ತಮ್ಮದನ್ನು ಮುಚ್ಚುತ್ತೇವೆ ಎಂದವರು ಒಬ್ಬರೂ ಇಲ್ಲ. ಪಕ್ಕದವರದು ಮುಚ್ಚಲು ಎಲ್ಲರೂ ಸಿದ್ಧರಿದ್ದರು.

ಅಕ್ಕನ ಗುಂಡಿ ಎಲ್ಲಕ್ಕಿಂತ ಆಳ, ಎದೆಮಟ್ಟ. ಅವಳು ಇನ್ನೂ ಒಳಗೇ ಗುದ್ದಲಿ ಹಿಡಿದು ನಿಂತಿದ್ದಳು. ಗಿರಣಿಯವನು ಕೈಕೊಟ್ಟು ಎಳೆಯಲು ಬಗ್ಗಿದ. ಬಗ್ಗಿದವನಿಗೆ ನಗು ಬಂತು, ನಗು ಬಂದು ಕೈಯ ಕಸುವು ಹೋಯಿತು, ಮಣ್ಣು ಜಾರಿ ಅವನೂ ಸರ್ರನೆ ಒಳಗಿಳಿದ. ಈಗ ಅಕ್ಕ ತಮ್ಮ ಇಬ್ಬರೂ ಮುಖಕ್ಕೆ ಮುಖ ತಾಗಿಸಿ, ಅಲ್ಲಾಡಲು ಜಾಗವಿಲ್ಲದೆ, ಒಬ್ಬರ ನಗುವಿಗೆ ಇನ್ನೊಬ್ಬರು ಕುಲುಕುತ್ತ ನಿಂತರು.

ಮೀಟರಮ್ಮ ನಕ್ಷೆ ನೋಡಿದಳು, ಗುಂಡಿ ನೋಡಿದಳು, ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಇಬ್ಬರ ಸುತ್ತ ಸುಣ್ಣದ ಪುಡಿಯಲ್ಲಿ ದುಂಡಗೆ ಒಂದು ಗೆರೆ ಎಳೆದು, ಮೊದಲನೇ ಕಂಬ ಇಲ್ಲೇ, ಆದರೆ ನೀವು ಮೇಲೆ ಬರಬೇಕಲ್ಲ ಎಂದಳು.

"ಬರೋದಿಲ್ಲ," ಎಂದಳು ಅಕ್ಕ, ಕಣ್ಣೀರೊರೆಸಲು ಕೈ ಎತ್ತಲಾಗದೆ. "ಸೋಮವಾರದ ತನಕ ಇಬ್ಬರೂ ಇಲ್ಲೇ ಇರ್ತೀವಿ. ನಾವು ಆಚೆ ಮುಖ ತಿರುಗಿಸಿದ ಹೊತ್ತಲ್ಲಿ ಕಂಬ ಪಕ್ಕದ ಮನೆ ಮುಂದೆ ನಿಂತುಬಿಟ್ರೆ?"