ದೊಡ್ಡಮ್ಮನ ಸೊನ್ನೆ

ಅತ್ತಿಗೆಯ ಫೋನ್ ಬಂದಾಗ ನಾನು ಬಸ್ಸಿನಲ್ಲಿ ನೇತಾಡುತ್ತಿದ್ದೆ. ಒಂದು ಕೈ ಕಂಬಿಗೆ, ಇನ್ನೊಂದು ಕೈ ಚೀಲಕ್ಕೆ. ಮೂರನೇ ಕೈ ಇಲ್ಲದ್ದರಿಂದ ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

"ಪಟಾಕಿ, ಎಲ್ಲಿ ಸತ್ತಿದೀಯೇ? ಆ ಫೈಲು ಬಾಯೇ ಬಿಡ್ತಿಲ್ಲ ಕಣೇ. ತೆಗೆದ್ರೆ ಪರದೆ ಬೆಳ್ಳಗಾಗಿ ಕೂತ್ಕೊಳ್ಳುತ್ತೆ. ಡಾಕ್ಟರಮ್ಮ ಆಗ್ಲೇ ಎರಡನೇ ಲೋಟ ಕಾಫಿ ಕುಡೀತಾ ಇದಾರೆ."

"ಬಂದೆ ಅತ್ತಿಗೆ, ಬಂದೆ. ಯಾರೂ ಏನೂ ಮುಟ್ಬೇಡಿ. ನನ್ನ ಪುಟ ರೆಡಿ ಇದೆ."

"ನಿನ್ನ ಪುಟಾನೋ ಕಟಾನೋ, ಬೇಗ ಬಾ."

ಪಟಾಕಿ ಎಂದು ನನಗೆ ಹೆಸರಿಟ್ಟಿದ್ದು ಅಣ್ಣ, ಮಾತು ಹತ್ತಿಕೊಂಡರೆ ಮುಗಿಯುವ ತನಕ ಆರುವುದಿಲ್ಲ ಅಂತ. ಅಣ್ಣನ ಕೈಹಿಡಿದು ಬಂದ ಅತ್ತಿಗೆ ಅದನ್ನು ಖಾಯಂ ಮಾಡಿದರು. ಅತ್ತಿಗೆಯ ಕೆಲಸ ಮಕ್ಕಳ ಕಿವಿ ಪರೀಕ್ಷೆ. ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು. ಒಳಕೋಣೆಯ ಗೋಡೆಗೆಲ್ಲ ಸದ್ದು ಹೀರುವ ದಪ್ಪ ಸ್ಪಂಜು. ಮಗು ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ, ಅತ್ತಿಗೆ ಗುಂಡಿ ತಿರುಗಿಸಿ ಸದ್ದನ್ನು ಸ್ವಲ್ಪಸ್ವಲ್ಪವೇ ಜೋರು ಮಾಡುತ್ತಾರೆ, ಕೇಳಿಸಿದ ಕೂಡಲೇ ಮಗು ಕೈ ಎತ್ತುತ್ತದೆ. ಎಷ್ಟು ಜೋರಿಗೆ ಕೈ ಎದ್ದಿತು ಅನ್ನುವುದೇ ಅಂಕಿ. ಅಂಕಿ ಚಿಕ್ಕದಿದ್ದರೆ ಕಿವಿ ಚುರುಕು, ದೊಡ್ಡದಿದ್ದರೆ ಮಂದ.

ಆ ಡಾಕ್ಟರಮ್ಮ ಕಿವಿಯೊಳಗೆ ಯಂತ್ರ ಕೂರಿಸುವ ದೊಡ್ಡ ಆಸ್ಪತ್ರೆಯವರು. ವರ್ಷಕ್ಕೊಮ್ಮೆ ಬರುತ್ತಾರೆ, ಬಂದ ದಿನವೇ ಸಂಜೆಯ ರೈಲಿಗೆ ಹೊರಡುತ್ತಾರೆ. ಈ ಸಲ ಅವರ ಬಳಿ ಒಂದು ಪ್ರೋಗ್ರಾಮ್ ಇತ್ತು. ಹಳೆಯ ಪರೀಕ್ಷೆಗಳನ್ನೆಲ್ಲ ಅದಕ್ಕೆ ಉಣಿಸಿದರೆ ಯಾವ ಯಾವ ಮಕ್ಕಳ ಕಿವಿ ವರ್ಷದಿಂದ ವರ್ಷಕ್ಕೆ ಜಾರುತ್ತಿದೆ ಎಂದು ಹೆಕ್ಕಿ ಕೊಡುತ್ತದೆ. ಆ ಮಕ್ಕಳನ್ನು ಇವತ್ತೇ ಕರೆಸಿ ನೋಡಿ ಆಪರೇಷನ್ನಿಗೆ ಸೇರಿಸಿಕೊಂಡು ಹೋಗುತ್ತಾರೆ. ಇವತ್ತು ತಪ್ಪಿದರೆ ಮುಂದಿನ ವರ್ಷ. ಎಳೆಯ ಮಕ್ಕಳಿಗೆ ಒಂದು ವರ್ಷ ಕಿವಿ ಇಲ್ಲದೆ ಹೋದರೆ ಮಾತೂ ಅಷ್ಟೇ ದೂರ ಹೋಗುತ್ತದೆ ಅಂತ ಅತ್ತಿಗೆ ಮನೆಯಲ್ಲಿ ಎಲ್ಲರ ತಲೆ ತಿಂದಿದ್ದರು.

ನಾನು ಮೆಟ್ಟಿಲು ಹಾರಿಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಪಕ್ಕದ ಬೀದಿಯ ಟೈಲರ್, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವರ ಮಗಳು ನೆಲದ ಮೇಲೆ ಅಂಗಿಯ ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ನಾನು ಬಾಗಿಲನ್ನು ಧಡ್ ಎಂದು ತಳ್ಳಿದೆ. ಅವಳು ತಲೆ ಎತ್ತಲಿಲ್ಲ.

ಒಳಗೆ ಡಾಕ್ಟರಮ್ಮ ಕೈಗಡಿಯಾರ ನೋಡುತ್ತಿದ್ದರು. "ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ? ಫೈಲನ್ನ ಸಿಎಸ್‌ವಿ ಮಾಡಿಕೊಡೋ ಸೈಟು ಬೇಕಾದಷ್ಟಿವೆ. ಅಪ್‌ಲೋಡ್ ಮಾಡಿ, ಮಾಡಿಕೊಡ್ತಾರೆ."

ಸಿಎಸ್‌ವಿ ಎಂದರೆ ತೀರಾ ಸಾದಾ ಫೈಲು. ಬಣ್ಣವಿಲ್ಲ, ಚಿತ್ರವಿಲ್ಲ, ಒಂದು ಮಾಹಿತಿಗೂ ಇನ್ನೊಂದಕ್ಕೂ ನಡುವೆ ಅಲ್ಪವಿರಾಮ ಅಷ್ಟೇ. ಡಾಕ್ಟರಮ್ಮನ ಪ್ರೋಗ್ರಾಮು ಅದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಅತ್ತಿಗೆಯ ಫೈಲೋ, ಒಂದೊಂದು ಕಿವಿಗೆ ಒಂದೊಂದು ಸ್ವರಕ್ಕೆ ಒಂದೊಂದು ಸಾಲು, ಸಾಲದ್ದಕ್ಕೆ ಪ್ರತಿ ಪರೀಕ್ಷೆಯ ಗೆರೆಚಿತ್ರ ಬೇರೆ. ಲಕ್ಷಗಟ್ಟಲೆ ಸಾಲು. ಬಸುರಿ ಎಮ್ಮೆಯ ಹಾಗೆ ಆ ಕಂಪ್ಯೂಟರಿನಲ್ಲಿ ಅಡ್ಡ ಬಿದ್ದಿತ್ತು.

"ಅಪ್‌ಲೋಡ್ ಆಗಲ್ಲ ಮೇಡಂ," ಅತ್ತಿಗೆ ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದರು. "ಬೇರೆ ಕಡೆ ಹೀಗೇ ಯಾವುದೋ ಸೈಟಿಗೆ ಹಾಕಿದ್ದು ಸೋರಿ ಹೋಗಿ, ಕಿವಿಯಂತ್ರ ಮಾರೋರು ಮನೆಮನೆಗೆ ಫೋನ್ ಮಾಡಿ ತಂದೆ ತಾಯಿ ಪ್ರಾಣ ಹಿಂಡಿದಾರೆ. ನಮ್ಮ ಮಕ್ಕಳ ವಿಷಯ ಈ ರೂಮ್ ದಾಟಲ್ಲ ಅಂತ ಒಬ್ಬೊಬ್ಬರಿಗೂ ಮಾತು ಕೊಟ್ಟಿದೀನಿ."

"ಹಾಗಾದ್ರೆ ಆ ಮಕ್ಕಳು ಒಂದು ವರ್ಷ ಕಾಯ್ತಾರೆ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ಚೀಲದಿಂದ ಪೆನ್‌ಡ್ರೈವ್ ತೆಗೆದೆ. ಅದರಲ್ಲಿತ್ತು, ಇಂಥ ಫೈಲನ್ನು ಸಿಎಸ್‌ವಿ ಮಾಡಲೆಂದು ತಿಂಗಳುಗಟ್ಟಲೆ ಕೂತು ಬರೆದ ವೆಬ್ ಪುಟ, ಇದುವರೆಗೆ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ.

"ಅಪ್‌ಲೋಡೂ ಬೇಡ, ಕಾಯೋದೂ ಬೇಡ. ಬ್ರೌಸರಲ್ಲೇ ಆಗುತ್ತೆ," ಎಂದೆ.

"ಬ್ರೌಸರ್ ಅಂದ್ರೆ ಇಂಟರ್‌ನೆಟ್ ತಾನೇ? ನನಗೇ ಟೋಪಿ ಹಾಕ್ತೀಯಾ?"

"ಅತ್ತಿಗೆ, ಅಡುಗೆಯವರು ಮನೆಗೆ ಬಂದು ಅಡುಗೆ ಮಾಡಿದ್ರೆ ನಿಮ್ಮ ಅಕ್ಕಿ ಆಚೆ ಹೋಗುತ್ತಾ? ಈ ಪುಟಾನೂ ಹಾಗೇ, ಬರೀ ಕೈಯಲ್ಲಿ ಬರುತ್ತೆ, ಕೆಲಸ ಎಲ್ಲ ಇಲ್ಲೇ ಇದೇ ಡಬ್ಬದೊಳಗೆ. ನಂಬಿಕೆ ಇಲ್ವಾ? ನೋಡಿ."

ಪೆನ್‌ಡ್ರೈವನ್ನು ಕ್ಲಿನಿಕ್ಕಿನ ಕಂಪ್ಯೂಟರಿಗೆ ಸಿಕ್ಕಿಸಿ ಪುಟ ತೆರೆದೆ. ಆಮೇಲೆ ಮೇಜಿನ ಕೆಳಗೆ ನುಗ್ಗಿ ನೆಟ್ಟಿನ ತಂತಿಯನ್ನು ಕಿತ್ತು, ಅದರ ತುದಿಯನ್ನು ಅತ್ತಿಗೆಯ ಕೈಗೇ ಕೊಟ್ಟೆ. "ಹಿಡ್ಕೊಳ್ಳಿ. ಇದು ನಿಮ್ಮ ಕೈಯಲ್ಲಿರೋವರೆಗೆ ಒಂದು ಅಕ್ಷರಾನೂ ಎಲ್ಲೂ ಹೋಗಲ್ಲ."

ಅತ್ತಿಗೆ ಹಾವಿನ ಬಾಲ ಹಿಡಿದವರಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಾನು ಫೈಲನ್ನು ಎಳೆದು ಪುಟದ ಮೇಲೆ ಬಿಟ್ಟೆ.

ಎಲ್ಲರೂ ಮಾಡುವ ತಪ್ಪೆಂದರೆ ಇಡೀ ಫೈಲನ್ನು ಒಂದೇ ಸಲ ಬಾಯಿಗೆ ತುರುಕುವುದು. ನನ್ನ ಪುಟ ತುತ್ತು ಮಾಡಿಕೊಂಡು ತಿನ್ನುತ್ತದೆ. ಒಂದಿಷ್ಟು ಸಾಲು ಓದು, ಚಿತ್ರವನ್ನು ಎತ್ತಿ ಪಕ್ಕಕ್ಕಿಡು, ಸಾದಾ ಮಾಡಿ ಬರೆ, ಓದಿದ್ದನ್ನು ಮರೆತುಬಿಡು, ಮುಂದಿನ ತುತ್ತಿಗೆ ಕೈ ಹಾಕು. ಕಂಪ್ಯೂಟರಿನ ಫ್ಯಾನು ಏದುಸಿರು ಬಿಟ್ಟಿತು. ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಅರ್ಧ ಬೆರಳಿನಷ್ಟು ಹಸಿರಾಯಿತು. ನಿಂತಿತು. ಮತ್ತೆ ಚಲಿಸಿತು, ಆಮೇಲೆ ನಿಲ್ಲಲೇ ಇಲ್ಲ, ಜಾರುಬಂಡೆಯಲ್ಲಿ ಬಿಟ್ಟ ಹಾಗೆ ಕೊನೆಯವರೆಗೂ ಓಡಿತು.

"ಆಯ್ತು," ಎಂದೆ.

"ಆಯ್ತಾ? ಪೂರ್ತಿ?" ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ತಮ್ಮ ಪ್ರೋಗ್ರಾಮನ್ನು ಅದೇ ಕಂಪ್ಯೂಟರಿಗೆ ಹಾಕಿದ್ದರು, ಹೊಸ ಫೈಲನ್ನು ಅದಕ್ಕೆ ಕೊಟ್ಟರು. ಗುಟುಕ್ ಎಂದು ನುಂಗಿತು. ನಾನು ಅತ್ತಿಗೆಯನ್ನು ತಬ್ಬಿಕೊಳ್ಳಲು ಹೋದೆ, ತಂತಿ ಅಡ್ಡ ಬಂತು.

ಡಾಕ್ಟರಮ್ಮ ನಗುತ್ತ ಓದಿದರು. "ನಿಮ್ಮ ಮಕ್ಕಳ ಕಿವಿ ಪರವಾಗಿಲ್ವೇ. ಕರೆಸಬೇಕಾದೋರು ಒಂದು ಕೈಬೆರಳಲ್ಲಿ ಎಣಿಸಬಹುದು. ನಾನು ಮಧ್ಯಾಹ್ನವೇ ಹೊರಡಬಹುದೇನೋ."

ಅತ್ತಿಗೆ ಮಾತ್ರ ನಗಲಿಲ್ಲ. "ಹೊರಗೆ ಕೂತಿದಾಳಲ್ಲ, ಟೈಲರ್ ಮಗಳು, ಅವಳದ್ದು ತೆಗೆದು ತೋರಿಸು."

ತೆಗೆದೆ. ಬಲಗಿವಿ: ಹೋದ ಸಲ ಏಳು, ಈ ಸಲ ಒಂಬತ್ತು. ಪಕ್ಕದಲ್ಲಿ ಪ್ರೋಗ್ರಾಮಿನ ಷರಾ: ಶ್ರವಣ ಅತ್ಯುತ್ತಮ.

"ಅತ್ಯುತ್ತಮವಂತೆ," ಅತ್ತಿಗೆ ಹೇಳಿದರು. "ನೀನು ಈಗ ಬಾಗಿಲು ಒದ್ದುಕೊಂಡು ಬಂದಾಗ ಆ ಮಗು ತಿರುಗಿ ನೋಡಿತಾ?"

ನೋಡಿರಲಿಲ್ಲ.

"ಇನ್ನೊಂದು ಕೇಳು. ನನ್ನ ಗುಂಡಿ ತಿರುಗೋದೇ ಐದೈದಾಗಿ. ಐದು, ಹತ್ತು, ಹದಿನೈದು. ಏಳು, ಒಂಬತ್ತು ಅನ್ನೋ ಅಂಕಿ ನನ್ನ ಮೆಷಿನ್ನಲ್ಲಿ ಹುಟ್ಟೋದೇ ಇಲ್ಲ. ನಿನ್ನ ಅಡುಗೆಯವರು ಅಕ್ಕಿ ಕದೀಲಿಲ್ಲ, ಸರಿ. ಅನ್ನ ಏನಾಯ್ತು ಹಾಗಾದ್ರೆ?"

ನನ್ನ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ಮತ್ತೆ ಗಡಿಯಾರ ನೋಡಿದರು. ಹಳೆಯ ಫೈಲಿನಿಂದ ಆ ಒಂದು ಸಾಲನ್ನು ಮಾತ್ರ ನನ್ನ ಪುಟದ ಮೂಲಕ ಪರದೆಗೆ ತಂದೆ. ಅಲ್ಲಿ ಚೆನ್ನಾಗಿಯೇ ಇತ್ತು: ಒಂಬತ್ತು, ಪಕ್ಕದಲ್ಲಿ ಗುಂಡಗೆ ಸೊನ್ನೆ. ತೊಂಬತ್ತು. ಕನ್ನಡ ಅಂಕಿಗಳಲ್ಲಿ. ಕನ್ನಡ ಅಂಕಿಗಳನ್ನು ಓದಲು ನಾನು ಪುಟಕ್ಕೆ ಮುದ್ದಾಂ ಕಲಿಸಿದ್ದೆ. ಒಂಬತ್ತನ್ನು ಓದಿದ ಪುಟ ಸೊನ್ನೆಯನ್ನು ಯಾಕೆ ನುಂಗಿತು?

ಅಂಕಿಗಳನ್ನೆಲ್ಲ ಟೈಪ್ ಮಾಡಿದವರು ನಮ್ಮ ದೊಡ್ಡಮ್ಮ. ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು ಮನೆಯಲ್ಲಿ ಕೂತು ಬೇಜಾರು ಅಂತ ಇಲ್ಲಿಗೆ ಬರುತ್ತಾರೆ. ಕನ್ನಡ ಟೈಪ್ ಮಾಡುವಾಗ ಅಂಕಿ ಮಾತ್ರ ಯಾಕೆ ಬೇರೆಯವರದ್ದು ಅಂತ ಅವರ ಹಟ. ಇವತ್ತು ಕಾಲು ಉಳುಕಿ ಮನೆಯಲ್ಲಿದ್ದರು. ಫೋನ್ ಹಚ್ಚಿದೆ.

"ದೊಡ್ಡಮ್ಮ, ತೊಂಬತ್ತು ಹೆಂಗೆ ಟೈಪ್ ಮಾಡ್ತೀರಿ?"

"ಒಂಬತ್ತು ಒತ್ತೋದು, ಸೊನ್ನೆ ಒತ್ತೋದು. ಇಷ್ಟು ಓದಿದೀಯ, ಇದನ್ನೂ ನಾನೇ ಹೇಳ್ಕೊಡ್ಬೇಕಾ?"

"ಸೊನ್ನೆಗೆ ಯಾವ ಕೀಲಿ?"

"ಸೊನ್ನೆ ಕೀಲಿ."

"ಯಾವ ಸೊನ್ನೆ ದೊಡ್ಡಮ್ಮ?"

"ಇದೊಳ್ಳೆ ಕಥೆ. ಎಷ್ಟು ಸೊನ್ನೆ ಇರುತ್ತೇ? ಅಂಗಡಿ ಅಂತ ಬರೆಯೋವಾಗ ಅಕಾರದ ಪಕ್ಕ ಹಾಕಲ್ವಾ, ಅದೇ. ನಮ್ಮ ಟೈಪ್‌ರೈಟರಲ್ಲಿ ಒಂದೇ ಕೀಲಿ ಇತ್ತು. ಅಂಗಡಿಗೂ ಅದೇ, ಅರವತ್ತಕ್ಕೂ ಅದೇ. ನನ್ನ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತೆ."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಕಣ್ಣಿಗೆ ಎರಡೂ ಒಂದೇ ಗುಂಡು, ಬಾಯಿಗೂ ಎರಡೂ ಸೊನ್ನೆಯೇ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರದ ಸೊನ್ನೆ, ಇನ್ನೊಂದು ಅಂಕಿಯ ಸೊನ್ನೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಕೆಲವು ಕಡೆ ಅಂಕಿಯ ಪಕ್ಕ ಸದ್ದಿನ ಅಳತೆಯ ಗುರುತು 'ಡಿಬಿ' ಎಂದೂ ಬರೆದಿರುತ್ತದೆ, ಅದಕ್ಕೇ ಅಂಕಿ ಓದುವಾಗ ಅಕ್ಷರ ಸಿಕ್ಕರೆ ಅಲ್ಲಿಗೆ ನಿಲ್ಲಿಸು ಅಂತ ಬರೆದವಳು ನಾನೇ. ಒಂಬತ್ತನ್ನು ಓದಿತು, ಸೊನ್ನೆಯನ್ನು ಅಕ್ಷರ ಅಂದುಕೊಂಡು ನಿಂತಿತು. ತೊಂಬತ್ತು ಒಂಬತ್ತಾಯಿತು, ನೂರು ಒಂದಾಯಿತು. ಪೂರ್ತಿ ಕಿವುಡಾದ ಮಗುವೂ ಚುರುಕು ಅನ್ನಿಸಿಕೊಂಡಿತು.

"ಸಿಕ್ತು ಅತ್ತಿಗೆ, ಸಿಕ್ತು, ಕೂತ್ಕೊಳ್ಳಿ, ಅಲ್ಲ ಕೂತ್ಕೋಬೇಡಿ, ತಂತಿ ಬಿಡ್ಬೇಡಿ," ಎನ್ನುತ್ತ ನನ್ನ ಲ್ಯಾಪ್‌ಟಾಪ್ ಬಿಚ್ಚಿದೆ. ಅಕ್ಷರದ ಸೊನ್ನೆ ಕಂಡಲ್ಲೆಲ್ಲ ಅಂಕಿಯ ಸೊನ್ನೆ, ಇಂಗ್ಲಿಷಿನ 0, ಹಾಕು. ಒಂದೇ ಸಾಲು. ತಿದ್ದಿದ ಪುಟವನ್ನು ಪೆನ್‌ಡ್ರೈವಿನಲ್ಲಿ ದಾಟಿಸಿ ಮತ್ತೆ ಓಡಿಸಿದೆ. ಹಸಿರು ಪಟ್ಟಿ ಸರ್ರನೆ ತುಂಬಿತು. ಫೈಲು ತೆರೆದೆ.

ಅತ್ತಿಗೆ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ತ, ಜೀರೊ, ದೆ. ಇದೇನೇ ಇದು?"

"ತಂದೆ."

"ಮತ್ತೆ ಇದು? ಕುಟು, ಜೀರೊ, ಬ?"

"ಕುಟುಂಬ." ಬರೆಯುವ ಭರದಲ್ಲಿ 'ಕಂಡಲ್ಲೆಲ್ಲ' ಅಂದಿದ್ದೆ, ಪುಟ ಹೇಳಿದ ಮಾತು ಕೇಳಿ ಎಲ್ಲೆಲ್ಲೂ ಹಾಕಿತ್ತು. ಅರ್ಧ ಊರಿನ ಹೆಸರುಗಳಿಗೆ ಹೊಟ್ಟೆಯಲ್ಲಿ ತೂತು ಬಿದ್ದಿತ್ತು.

ಡಾಕ್ಟರಮ್ಮ ಮೊದಲ ಸಲ ಗಟ್ಟಿಯಾಗಿ ನಕ್ಕರು. "ನೀವು ನಿಧಾನವಾಗಿ ಮಾಡಿ. ನಾನು ಗಡಿಯಾರ ನೋಡಲ್ಲ." ಗಡಿಯಾರ ಬಿಚ್ಚಿ ಪರ್ಸಿಗೆ ಹಾಕಿದರು.

ಉಸಿರು ಎಳೆದುಕೊಂಡೆ. ಅಂಕಿಯ ಕಾಲಂಗಳಲ್ಲಿ ಮಾತ್ರ, ಬೇರೆಲ್ಲೂ ಮುಟ್ಟಬೇಡ. ಜೊತೆಗೆ ಇನ್ನೊಂದು ಕಾವಲು: ಪರೀಕ್ಷೆಯ ಅಂಕಿ ಐದೈದರ ಲೆಕ್ಕಕ್ಕೆ ಬರದಿದ್ದರೆ ಸುಮ್ಮನೆ ಮುಂದೆ ಹೋಗಬೇಡ, ಕೆಂಪಗೆ ತೋರಿಸು. ಎರಡನ್ನೂ ಅತ್ತಿಗೆಗೆ ಜೋರಾಗಿ ಓದಿ ಹೇಳಿದೆ, ಅವರು ತಲೆ ಆಡಿಸಿದ ಮೇಲೇ ಓಡಿಸಿದೆ.

ಕೆಂಪು ಒಂದೂ ಬರಲಿಲ್ಲ. ತಂದೆ ತಂದೆಯಾಗಿಯೇ ಇದ್ದ. ಟೈಲರ್ ಮಗಳ ಬಲಗಿವಿ, ವರ್ಷದಿಂದ ವರ್ಷಕ್ಕೆ: ಮೂವತ್ತೈದು, ಐವತ್ತು, ಎಪ್ಪತ್ತು, ತೊಂಬತ್ತು.

ಡಾಕ್ಟರಮ್ಮನ ಪ್ರೋಗ್ರಾಮು ಈ ಸಲ ಸ್ವಲ್ಪ ಹೊತ್ತು ತಗೊಂಡಿತು. ಆಮೇಲೆ ಸಾಲುಗಳು ಮೇಲಿಂದ ಕೆಳಕ್ಕೆ ಇಳಿದವು, ಇಳಿಯುತ್ತಲೇ ಇದ್ದವು. ಡಾಕ್ಟರಮ್ಮನ ನಗು ಕರಗಿತು. ಮುಂಗೈಗೆ ಸೀರೆಯ ಸೆರಗು ಸುತ್ತಿಕೊಂಡು ಎದ್ದು ನಿಂತರು.

"ಇಷ್ಟು ಮಕ್ಕಳನ್ನ ನಾನು ನೋಡದೆ ಹೊರಟುಬಿಡ್ತಿದ್ದೆ," ಎಂದರು. "ರೈಲು ಹೋದ್ರೆ ಹೋಗ್ಲಿ. ಮೊದಲು ಹೊರಗಿರೋ ಮಗೂನ ಕರೀರಿ."

ಅತ್ತಿಗೆ ಕೈಯಲ್ಲಿದ್ದ ತಂತಿಯನ್ನು ಮೇಜಿನ ಮೇಲಿಟ್ಟು ಬಾಗಿಲ ತನಕ ಹೋಗಿ ಟೈಲರಿಗೆ ಏನೋ ಹೇಳಿದರು. ಅವರು ಕೊರಳ ಟೇಪನ್ನು ಸುಮ್ಮನೆ ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಇವತ್ತೇ ನೋಡ್ತಾರಾ ಅಕ್ಕ? ಈಗಲೇನಾ?" ಆಮೇಲೆ ಬಗ್ಗಿ ಮಗಳ ಭುಜ ಮುಟ್ಟಿದರು. ಅವಳು ಮುಷ್ಟಿಯಲ್ಲಿ ಒಂದು ನೀಲಿ ಗುಂಡಿ ಹಿಡಿದುಕೊಂಡೇ ಒಳಗೆ ನಡೆದಳು. ಸ್ಪಂಜಿನ ಕೋಣೆಯ ಬಾಗಿಲು ಮುಚ್ಚಿತು.

ಅತ್ತಿಗೆ ಮುಂದಿನ ಮನೆಗೆ ಫೋನ್ ತಿರುಗಿಸುತ್ತಿದ್ದರು, ಒಂದು ಮುಗಿಯುವ ಮೊದಲೇ ಇನ್ನೊಂದು. "ಹ್ಞೂಂ, ಇವತ್ತೇ... ಸ್ಕೂಲಿಂದ ಸೀದಾ ಕರ್ಕೊಂಡು ಬನ್ನಿ... ಕೆಲಸದ ಬಟ್ಟೇಲೇ ಬನ್ನಿ, ಏನೂ ಪರವಾಗಿಲ್ಲ..."

ಮೊದಲು ಆಟೋ ಓಡಿಸುವ ಒಬ್ಬ ತಾಯಿ ಬಂದರು, ಸಮವಸ್ತ್ರದಲ್ಲೇ, ಮಗನನ್ನು ಸೊಂಟಕ್ಕೇರಿಸಿಕೊಂಡು. ಹಿಂದೆಯೇ ಒಬ್ಬ ಅಜ್ಜ, ಅವರ ಹಿಂದೆ ಅವಳಿಜವಳಿ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಒಂದರ ಮೇಲೊಂದು ಏರಿ ಬರುತ್ತಿತ್ತು. ಬೆಂಚು ತುಂಬಿತು, ನನ್ನ ಕುರ್ಚಿ ಹೋಯಿತು, ಡಾಕ್ಟರಮ್ಮ ಕೂತಿದ್ದ ಕುರ್ಚಿಯೂ ಹೋಯಿತು.

"ಪಟಾಕಿ," ಅತ್ತಿಗೆ ಫೋನಿಗೆ ಕೈ ಅಡ್ಡ ಹಿಡಿದು ಕರೆದರು, "ನಿಂತು ಏನು ನೋಡ್ತೀಯೇ? ಮೇಲಿನ ಮಹಡಿ ಹಲ್ಲಿನ ಡಾಕ್ಟರ್ ಹತ್ರ ಎರಡು ಬೆಂಚಿದೆ. ಕೇಳಿ ತಗೊಂಡು ಬಾ. ಕೊಡಲ್ಲ ಅಂದ್ರೆ ಮಾತಾಡ್ತಾ ಇರು, ಅವರೇ ಹೊತ್ತು ತಂದು ಇಟ್ಟು ಹೋಗ್ತಾರೆ."

ನಾನು ಎರಡೆರಡು ಮೆಟ್ಟಿಲಿಗೆ ಒಂದೊಂದು ಹೆಜ್ಜೆ ಹಾಕಿ ಓಡಿದೆ.