ಜೋಡಿಸಿದ ಸಾಧನಗಳು

ಬುರುಲ್ ಚಹಾದ ಬಟ್ಟಲುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಅಂಚಿನಲ್ಲಿ ಕಲೆ ಕೂತಿದ್ದ ಕಡೆ ಬಟ್ಟೆಯ ತುದಿಗೆ ಉಪ್ಪು ಹಚ್ಚಿ ಉಜ್ಜಿದಳು, ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಅತ್ತೆ ಕುಲ್ಸುನ್ ಅಡುಗೆಮನೆಯ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೋದದ್ದು ಬೆನ್ನಿಗೇ ಗೊತ್ತಾಯಿತು.

ಇವತ್ತು ಶೆರಿನೆ ಇವರ ಮನೆಯಲ್ಲಿ. ಅತ್‌ಬಾಶಿ ಊರಿನ ಆ ಬೀದಿಯ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ತಿಂದು ಹರಟುವ ದಿನ ಅದು.

ಈಚೆಗೆ ಬುರುಲ್ ತನ್ನ ತಂಗಿ ಎರ್ಕೆಗೆ ಫೋನಿನಲ್ಲಿ ಬರೆದದ್ದೆಲ್ಲ ಅತ್ತೆಯ ಬಾಯಿಂದ ಹೊರಗೆ ಬರುತ್ತಿತ್ತು. ಬೂಟಿನೊಳಗೆ ನೀರು ನುಗ್ಗುತ್ತದೆ ಎಂದು ಬರೆದರೆ, ಮರುದಿನ ಅತ್ತೆ, "ನಾವೆಲ್ಲ ತೂತು ಬೂಟಲ್ಲೇ ಹಿಮ ತುಳಿದೋರು" ಎನ್ನುತ್ತಿದ್ದಳು. ಬರುವ ಸೋಮವಾರ ಎರ್ಕೆ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ರಾಜಧಾನಿ ಬಿಷ್ಕೆಕ್‌ಗೆ ಹೊರಡುವವಳು. ಭಾನುವಾರ ತವರಿಗೆ, ನಾರಿನ್‌ಗೆ ಬಂದು ಒಂದು ರಾತ್ರಿ ನಿನ್ನ ಪಕ್ಕ ಮಲಗುತ್ತೇನೆ, ಇವತ್ತೇ ಅತ್ತೆಯನ್ನು ಕೇಳುತ್ತೇನೆ ಎಂದು ಮೊನ್ನೆ ಬುರುಲ್ ಬರೆದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ, ಊಟಕ್ಕೆ ಕೂತಾಗ, ಅತ್ತೆ ಗೋಡೆ ನೋಡುತ್ತ, "ಭಾನುವಾರ ಉಣ್ಣೆ ತೊಳೀಬೇಕು. ಯಾರೂ ಎಲ್ಲೂ ಹೋಗೋ ಹಾಗಿಲ್ಲ" ಎಂದಿದ್ದಳು.

ಅತ್ತೆಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂಬುದಕ್ಕೆ ನಿನ್ನೆ ಮುಂಗೋಣೆಯ ಧೂಳು ಹೊಡೆಯುವಾಗ ಉತ್ತರ ಸಿಕ್ಕಿತ್ತು. ಬುರುಲ್‌ಳ ಗಂಡ ಕುಬಾನ್ ಕಣಿವೆ ದಾಟಿ ಚೀನಾಕ್ಕೆ ಲಾರಿ ಓಡಿಸುವವನು. ಸರಕಿನ ಲೆಕ್ಕಕ್ಕೆಂದು ಅವನು ತಂದ ಕಂಪ್ಯೂಟರ್ ಅಲ್ಲಿತ್ತು. ಬಟ್ಟೆ ಮೌಸಿಗೆ ತಾಗಿ ಪರದೆ ಬೆಳಗಿತು. ಅದರ ಮೇಲೆ ಅವಳದೂ ಎರ್ಕೆಯದೂ ಮಾತು. ಬೂಟು, ಭಾನುವಾರ, ಅತ್ತು ಬರೆದದ್ದು, ಎರ್ಕೆ ಕಳಿಸಿದ ಬೆಕ್ಕಿನ ಚಿತ್ರ ಕೂಡ.

ತನ್ನ ಫೋನಿಗೂ ಕಂಪ್ಯೂಟರಿಗೂ ಇದ್ದ ಜೋಡಣೆಯನ್ನು ಅಲ್ಲೇ ಅಳಿಸಿಬಿಡಬಹುದಿತ್ತು. ಆದರೆ ಆಮೇಲೆ? ಅವಳ ಫೋನಿಗೆ ಬೀಗವಿರಲಿಲ್ಲ. "ಬೀಗ ಯಾಕಮ್ಮಾ, ನಮ್ಮನೇಲಿ ಕಳ್ಳರು ಯಾರಿದಾರೆ?" ಎಂದು ಮದುವೆಯಾದ ಹೊಸದರಲ್ಲೇ ಅತ್ತೆ ತೆಗೆಸಿದ್ದಳು. ಬುರುಲ್‌ಳ ಕೈ ಹಿಟ್ಟಿನಲ್ಲಿರುವಾಗ ಫೋನು ಕಿಟಕಿಯ ಕಟ್ಟೆಯ ಮೇಲಿರುತ್ತಿತ್ತು. ಅದನ್ನು ಕಂಪ್ಯೂಟರಿನ ಪರದೆಗೆ ಒಮ್ಮೆ ಹಿಡಿದರೆ ಸಾಕು, ಮತ್ತೆ ಜೋಡಣೆ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಡುಗಿಯಾಗಿ ಸೇರಿ ಮುದುಕಿಯಾಗಿ ಹೊರಬಂದ ಕುಲ್ಸುನ್‌ಗೆ ಅದೊಂದು ಕೆಲಸವೇ ಅಲ್ಲ. ಬುರುಲ್ ಏನನ್ನೂ ಮುಟ್ಟದೆ ಧೂಳು ಹೊಡೆದು ಬಂದಿದ್ದಳು.

ಮಧ್ಯಾಹ್ನಕ್ಕೆ ಮುಂಗೋಣೆ ತುಂಬಿತು. ಬುರುಲ್ ಬಾಗಿಲ ಪಕ್ಕ ಚಹಾದ ನೀರು ಕಾಯುವ ಸಮೋವಾರಿನ ಹತ್ತಿರ ಮಂಡಿಯೂರಿ ಕೂತು ಚಹಾ ಬಗ್ಗಿಸಿ ಕೊಡುತ್ತಿದ್ದಳು. ಮೂಲೆಯ ಮನೆಯ ಸೋನುನ್ ತನ್ನ ಫೋನನ್ನು ತೊಡೆಗೆ ಬಡಿದಳು. "ಇದು ಸತ್ತೇಹೋಯ್ತು. ಜಾಗ ಇಲ್ಲ, ಜಾಗ ಇಲ್ಲ ಅಂತ ಒಂದೇ ಸಮ."

"ನನ್ನ ಸೊಸೆಗೆ ಕೊಡು" ಎಂದಳು ಕುಲ್ಸುನ್. "ಅವಳ ಕೈಗೆ ಬಂದ್ರೆ ಫೋನು ಕುರಿಮರಿ ಥರ ಸುಮ್ಮನಾಗುತ್ತೆ."

ಬುರುಲ್ ಬೆರಳಾಡಿಸಿದಳು. ಹಿರಿಯ ಹೆಂಗಸರಿಗೆಲ್ಲ ಅವಳು ಅಪಾ ಎನ್ನುತ್ತಿದ್ದಳು. "ಅಪಾ, ಗುಂಪಲ್ಲಿ ಬರೋ ಹೂವಿನ ಚಿತ್ರ ಎಲ್ಲ ತಾನಾಗೇ ಇಳೀತಿತ್ತು, ನಿಲ್ಲಿಸಿದೀನಿ. ಇನ್ನು ಮುಟ್ಟಿದ್ರೆ ಮಾತ್ರ ಬರುತ್ತೆ. ಹಳೇ ವಿಡಿಯೋಗಳನ್ನ ತಂತಿ ಹಾಕಿ ಕಂಪ್ಯೂಟರಿಗೆ ಇಳಿಸ್ಕೊಳ್ಳಿ. ಅಲ್ಲಿ ತೆರ್ಕೊಳ್ಳುತ್ತಾ ನೋಡಿ, ಆಮೇಲೆ ಇಲ್ಲಿ ಅಳಿಸಿ. ಮೊದಲೇ ಅಳಿಸ್ಬೇಡಿ."

"ಹೋದ್ಸಲ ಮೊದ್ಲೇ ಅಳ್ಸಿದ್ದೆ. ಮೊಮ್ಮಗನ ಸುನ್ನತಿ ಪೂರ್ತಿ ಹೋಯ್ತು."

"ಇನ್ನೊಂದ್ಸಲ ಮಾಡ್ಸು!" ಎಂದರು ಯಾರೋ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಪಕ್ಕದ ಮನೆಯ ಗುಲ್ಬುಬುಗೆ ಅಕ್ಷರ ಕಾಣುತ್ತಿರಲಿಲ್ಲ. ಬುರುಲ್ ದೊಡ್ಡದು ಮಾಡಿಕೊಟ್ಟಳು. ಸೋನುನ್ ಬಗ್ಗಿ ನೋಡಿ, "ಇನ್ನು ನೀನು ಬರೆದಿದ್ದು ಬೀದಿ ಆಚೆಯೋರಿಗೂ ಕಾಣುತ್ತೆ ಬಿಡು" ಎಂದಳು.

"ಈಗೇನು ಕಾಣಲ್ವಾ? ಮಗಳಿಗೆ ಏನೋ ಬರೆದ್ರೆ ನನ್ನ ಮಗನಿಗೆ ಅದು ಹೆಂಗೋ ಗೊತ್ತಾಗುತ್ತೆ ಕಣೇ."

ಬುರುಲ್ ಬಟ್ಟಲನ್ನು ಕೆಳಗಿಟ್ಟಳು. ಇಷ್ಟು ಜನರ ಮುಂದೆ ಅವಳು ದನಿಯೆತ್ತಿ ಮಾತಾಡಿದವಳಲ್ಲ.

"ಅದನ್ನ ನೋಡ್ಬಹುದು, ಅಪಾ. ಎಲ್ಲರೂ ಫೋನ್ ತೆಗೀರಿ. ಮೇಲೆ ಮೂಲೇಲಿ ಮೂರು ಚುಕ್ಕೆ ಇದೆಯಲ್ಲ, ಒತ್ತಿ. 'ಜೋಡಿಸಿದ ಸಾಧನಗಳು' ಅಂತ ಬರುತ್ತೆ. ನಿಮ್ಮ ಮಾತು ಇನ್ಯಾವ ಯಂತ್ರದಲ್ಲಿ ತೆರೆದಿದೆ ಅಂತ ಅದು ಹೇಳುತ್ತೆ. ಅಲ್ಲೇನೂ ಇರಬಾರ್ದು."

"ಚಹಾ ಹಾಕು" ಎಂದಳು ಕುಲ್ಸುನ್.

ಬುರುಲ್ ಹಾಕಿದಳು. ಎರಡೂ ಕೈಯಿಂದ ಬಟ್ಟಲನ್ನು ಅತ್ತೆಗೆ ಕೊಟ್ಟಳು. ಮತ್ತೆ ತಿರುಗಿ, "ಸಿಕ್ತಾ, ಅಪಾ?" ಎಂದಳು.

ಗುಲ್ಬುಬುವಿನದರಲ್ಲಿ ಏನೂ ಇರಲಿಲ್ಲ. "ಹಂಗಾದ್ರೆ ನನ್ನ ಮಗಳೇ ಚಾಡಿಕೋರಿ!" ಎಂದು ಅವಳು ಹಣೆ ಹಿಡಿದುಕೊಂಡಳು.

"ನಿಂದ್ರಲ್ಲಿ ಏನಿದೆ, ತೋರ್ಸು ನೋಡಣ" ಎಂದಳು ಸೋನುನ್.

ಬುರುಲ್ ತನ್ನ ಫೋನನ್ನು ಹಾಸಿದ ಬಟ್ಟೆಯ ನಡುವೆ, ಜಾಮಿನ ಬಟ್ಟಲಿಗೂ ಕರಿದ ಹಿಟ್ಟುಂಡೆ ಬೋರ್ಸೋಕ್‌ಗಳ ರಾಶಿಗೂ ಮಧ್ಯೆ ಇಟ್ಟಳು. ಹೆಂಗಸರು ಮುಂದೆ ಬಾಗಿದರು. ಸೋನುನ್ ಜೋರಾಗಿ ಓದಿದಳು: "ಕಂಪ್ಯೂಟರ್. ಕೊನೆಯ ಬಳಕೆ, ಇವತ್ತು ಬೆಳಿಗ್ಗೆ."

ಎಲ್ಲರ ಕಣ್ಣೂ ಕಿಟಕಿಯ ಪಕ್ಕ ಕಸೂತಿ ಬಟ್ಟೆ ಹೊದ್ದು ನಿಂತಿದ್ದ ಕಂಪ್ಯೂಟರಿನ ಕಡೆ ಹೋಯಿತು.

"ಕುಬಾನ್ ಬಂದಿದಾನಾ?" ಎಂದು ಸೋನುನ್ ಕೇಳಿದಳು.

"ಇಲ್ಲ ಅಪಾ. ಗಡಿ ಆಚೆ ಇದಾರೆ."

"ಮತ್ತೆ ಯಾರು?"

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡುವಂತಿಲ್ಲ. ಆ ಕೋಣೆಯಲ್ಲಿದ್ದವರೆಲ್ಲ ಹಾಗೆ ಆಡದೆಯೇ ಮುದುಕಿಯರಾದವರು.

"ಆ ಹೆಸರು ನಾನು ಹೇಳೋ ಹಾಗಿಲ್ಲ, ಅಪಾ" ಎಂದಳು ಬುರುಲ್.

ಸೋನುನ್‌ಳ ಬಾಯಲ್ಲಿ ಬೋರ್ಸೋಕ್ ಹಾಗೇ ನಿಂತಿತು. ಗುಲ್ಬುಬು ಕೆಳಗೆ ನೋಡಿದಳು, ನಗು ಬಂದಿತ್ತೋ ಹೆದರಿಕೆಯೋ ತಿಳಿಯಲಿಲ್ಲ. ಸೋನುನ್ ತುತ್ತು ನುಂಗಿ, ತುಂಬ ನಿಧಾನವಾಗಿ ಕುಲ್ಸುನ್ ಕಡೆ ತಿರುಗಿದಳು.

"ಲೇ ಕುಲ್ಸುನ್. ಬಿಷ್ಕೆಕ್ ಇನ್ನೂ ಫ್ರುಂಜೆ ಆಗಿದ್ದಾಗ, ಮದುವೆಗೆ ಮುಂಚೆ, ನಾನು ಅಲ್ಲಿಗೆ ಫೋನ್ ಮಾಡಿದ್ದೆ. ಆ ಬಸ್ಸಿನ ಹುಡುಗನಿಗೆ. ಸಂಜೆ ಮನೆಗೆ ಬರೋಷ್ಟರಲ್ಲಿ ಅಪ್ಪ ಚಾವಟಿ ಹಿಡ್ಕೊಂಡು ನಿಂತಿದ್ದ."

"ಎಕ್ಸ್‌ಚೇಂಜಲ್ಲಿ ಎಲ್ಲರೂ ಕೇಳ್ತಿದ್ರು" ಎಂದಳು ಕುಲ್ಸುನ್. "ಲೈನು ಸರಿಯಾಗಿದೆಯಾ ಅಂತ ನೋಡೋದು ನಮ್ಮ ಕೆಲಸ."

"ಲೈನು ಸರಿಯಾಗೇ ಇತ್ತು" ಎಂದಳು ಸೋನುನ್.

ಕುಲ್ಸುನ್ ಮುಖ ಕೆಂಪಾಗಿ ಸೊಸೆಯ ಮೇಲೆ ಹರಿಹಾಯ್ದಳು. "ಬಂದೋರ ಮುಂದೆ ನನ್ನ ಮಾನ ತೆಗೀತೀಯಾ? ಗಂಡ ಮನೇಲಿಲ್ಲ. ಎಳೇ ಹುಡುಗಿ, ಯಾರಿಗೆ ಏನು ಬರೀತಾಳೋ ಅಂತ ನಾನು ನೋಡ್ದೆ ಇನ್ಯಾರು ನೋಡ್ಬೇಕು?"

"ತಂಗಿಗೆ ಬರೀತೀನಿ, ಅಪಾ. ನೀವೇ ಓದಿದೀರಲ್ಲ."

ಬುರುಲ್ ಫೋನನ್ನು ಎತ್ತಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವಂತೆ ಅಲ್ಲೇ ಇಟ್ಟು ಒತ್ತಿದಳು. "ಆ ಸಾಲನ್ನ ಮುಟ್ಟಿ. 'ಹೊರಗೆ ಕಳಿಸು' ಅಂತ ಕೇಳುತ್ತೆ. ಹೂಂ ಅನ್ನಿ. ಅಷ್ಟೇ." ಸಾಲು ಮಾಯವಾಯಿತು. "ಆದ್ರೆ ಅಷ್ಟಕ್ಕೇ ಬಿಡಬಾರ್ದು. ಬೀಗ ಇಲ್ದಿದ್ರೆ ಯಾರು ಬೇಕಾದ್ರೂ ಮತ್ತೆ ಜೋಡಿಸ್ತಾರೆ. ಅದಕ್ಕೆ ಈಗಲೇ ಬೀಗ ಹಾಕ್ಬೇಕು."

"ಹೆಬ್ಬೆಟ್ಟು ಒತ್ತೋದಾ?" ಗುಲ್ಬುಬು ತನ್ನ ಫೋನು ಹಿಡಿದು ಹತ್ತಿರ ಸರಿದಳು. "ಯಾವ ಕೈದು?"

"ಯಾವುದಾದ್ರೂ ಆಗುತ್ತೆ, ಅಪಾ. ನಿಮ್ದಾಗಿರ್ಬೇಕು, ಅಷ್ಟೇ."

"ಗುಲ್ಬುಬು, ನೀನೂನಾ?" ಎಂದಳು ಕುಲ್ಸುನ್.

ಗುಲ್ಬುಬು ತಲೆ ಎತ್ತಲಿಲ್ಲ. ಒತ್ತು, ತೆಗೆ, ಮತ್ತೆ ಒತ್ತು ಎಂದು ಫೋನು ಕೇಳಿದಂತೆಲ್ಲ ಇಬ್ಬರೂ ಒಟ್ಟಿಗೇ ಒತ್ತಿದರು. ಸೋನುನ್ ಕನ್ನಡಕ ಹುಡುಕತೊಡಗಿದಳು.

ತನ್ನದು ಮುಗಿದ ಮೇಲೆ ಬುರುಲ್ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತಲೆವಸ್ತ್ರ ಸರಿಮಾಡಿಕೊಂಡಳು. ಎದ್ದು ನಿಂತಳು. ಅತ್ತೆಯ ಮುಖವನ್ನೇ ನೋಡಿ ಹೇಳಿದಳು:

"ಅಪಾ, ಭಾನುವಾರ ನಾನು ತವರಿಗೆ ಹೋಗ್ಬೇಕು. ಸೋಮವಾರ ಎರ್ಕೆ ಹೊರಡ್ತಾಳೆ. ಒಂದು ರಾತ್ರಿಗೆ ಕಳ್ಸಿಕೊಡಿ."

ಕುಲ್ಸುನ್ ಗೋಡೆ ನೋಡಿದಳು. ಉಳಿದವರು ಅವಳನ್ನೇ ನೋಡಿದರು. ಗುಲ್ಬುಬು ಎತ್ತಿದ ಹೆಬ್ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದಳು.